ನಿಮ್ಮ ಸಂಘಕ್ಕೊಂದು ಬಾವುಟ: ಕಂಬದಿಂದ ಹೊಲಿಗೆವರೆಗೆ, ಯಾವುದಾದ ಮೇಲೆ ಯಾವುದು

ಅಕ್ಟೋಬರ್ ಶುರುವಾದರೆ ಸಾಕು, ನನ್ನ ಫೋನಿಗೆ ಬಾವುಟದ ಚಿತ್ರಗಳು ಬರತೊಡಗುತ್ತವೆ. ಬಡಾವಣೆ ಸಂಘದವರು, ಅಪಾರ್ಟ್‌ಮೆಂಟಿನ ಕನ್ನಡ ಬಳಗದವರು, ಕ್ರಿಕೆಟ್ ಟೀಮಿನ ಹುಡುಗರು, ಕೆರೆ ಉಳಿಸಲು ಓಡಾಡುವವರು. ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನಡುವೆ ಗುಂಡಗಿನ ಲೋಗೋ, ಸುತ್ತ ಸಂಘದ ಹೆಸರು, ಕೆಳಗೆ ಶುರುವಾದ ವರ್ಷ, ಕೆಲವೊಮ್ಮೆ ನೋಂದಣಿ ಸಂಖ್ಯೆ. "ಹೇಗಿದೆ ಸರ್?" ಅಂತ ಕೇಳುತ್ತಾರೆ. ಫೋನಿನಲ್ಲಿ ಚೆನ್ನಾಗಿಯೇ ಇರುತ್ತದೆ. ನವೆಂಬರ್ 1ರಂದು ಕಂಬ ಏರಿದ ಮೇಲೆ ನೋಡಿದರೆ, ಬಿಳಿ ಬಟ್ಟೆಗೆ ಸಾರು ಚೆಲ್ಲಿದ ಹಾಗೆ ಕಾಣುತ್ತದೆ.

ಇವರಲ್ಲಿ ಚಿತ್ರ ಬರೆಯಲು ಬಾರದವರು ಕಡಿಮೆ. ಎಡವುವುದು ಕ್ರಮದಲ್ಲಿ. ಎಲ್ಲರೂ ಕಂಪ್ಯೂಟರ್ ಮುಂದೆ ಕೂತೇ ಶುರು ಮಾಡುತ್ತಾರೆ. ಕಂಬ, ಗಾಳಿ, ಬಟ್ಟೆ, ಹಿಂಬದಿ ಇವೆಲ್ಲ ನೆನಪಾಗುವುದು ದುಡ್ಡು ಕೊಟ್ಟಾದ ಮೇಲೆ. ಈ ಮಾರ್ಗದರ್ಶಿಯಲ್ಲಿ ಕಂಪ್ಯೂಟರ್ ಬರುವುದು ಒಂಬತ್ತನೇ ಹಂತದಲ್ಲಿ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ.

ಮೊದಲೇ ಎತ್ತಿಟ್ಟುಕೊಳ್ಳಬೇಕಾದ ಸಾಮಾನು

ಅಳತೆ ಟೇಪು, ಬಿಳಿ ಹಾಳೆ, ಬಣ್ಣದ ಪೆನ್ಸಿಲ್, ಕತ್ತರಿ, ಗೋಂದು. ಹಳೇ ಪಂಚೆ ಅಥವಾ ದಿಂಬಿನ ಕವರಿನ ತುಂಡು. ನೆಲ ಒರೆಸುವ ಮಾಪಿನ ಕೋಲು. ಒಂದು ಟೇಬಲ್ ಫ್ಯಾನು. ಫೋನಿನ ಕ್ಯಾಮೆರಾ. ಆರು ವರ್ಷದ ಒಂದು ಮಗು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯದು.

ಹಂತ 1: ಕಂಬ ನೋಡಿಕೊಂಡು ಬನ್ನಿ

ಬಾವುಟ ಎಲ್ಲಿ ಹಾರುತ್ತದೆ? ಕಂಬದ ಮೇಲಾ, ಬೈಕ್ ರ‍್ಯಾಲಿಯಲ್ಲಿ ಕೈಯಲ್ಲಾ, ಬಾಲ್ಕನಿಯ ಸರಳಿಗೆ ಕಟ್ಟುತ್ತೀರಾ? ಇದು ಗೊತ್ತಾಗದೆ ಅಳತೆ ಹೇಳಲು ಬರುವುದಿಲ್ಲ.

ಕಂಬವಾದರೆ ಅದರ ಎತ್ತರದ ನಾಲ್ಕನೇ ಒಂದು ಭಾಗ ಬಾವುಟದ ಉದ್ದ ಇರಲಿ. 18 ಅಡಿ ಕಂಬಕ್ಕೆ ನಾಲ್ಕೂವರೆ ಅಡಿ ಉದ್ದ, ಮೂರಡಿ ಎತ್ತರ. ಎತ್ತರ 2 ಆದರೆ ಉದ್ದ 3 ಅನ್ನುವ ಈ ಲೆಕ್ಕ ನಮ್ಮ ರಾಷ್ಟ್ರಧ್ವಜದ್ದೂ ಹೌದು. ಇದಕ್ಕಿಂತ ಉದ್ದ ಮಾಡಿದರೆ ಬೆಂಗಳೂರಿನ ಸಣ್ಣ ಗಾಳಿಗೆ ಬಾವುಟ ಏಳುವುದೇ ಇಲ್ಲ, ಒದ್ದೆ ಟವೆಲಿನ ಹಾಗೆ ಜೋತುಬೀಳುತ್ತದೆ.

ಜನ ಎಲ್ಲಿ ನಿಂತು ನೋಡುತ್ತಾರೆ ಅನ್ನುವುದನ್ನೂ ಹೆಜ್ಜೆ ಹಾಕಿ ಅಳೆಯಿರಿ. ಗೇಟಿನಿಂದ ಮೂವತ್ತು ಅಡಿ ಇರಬಹುದು, ಮುಖ್ಯರಸ್ತೆಯಿಂದ ನೂರು.

ಇಲ್ಲಿ ಒಂದು ಎಚ್ಚರಿಕೆ ಇದೆ, ಇದನ್ನು ಓದಿ ಮರೆಯಬೇಡಿ. ಕಬ್ಬಿಣದ ಪೈಪು ನಿಲ್ಲಿಸುವಾಗ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ಪೈಪು ವಾಲಿದರೆ ಎಷ್ಟು ದೂರ ಮುಟ್ಟುತ್ತದೆ ಅಂತಲೂ ನೋಡಿ. ತಂತಿ ಹತ್ತಿರ ಇದ್ದರೆ ಜಾಗ ಬದಲಿಸಿ. ಈ ವಿಷಯದಲ್ಲಿ ಚೌಕಾಸಿ ಬೇಡ.

ಹಂತ 2: ಒಂದೇ ಒಂದು ಸಂಗತಿ ಆರಿಸಿ

ಇಡೀ ಕೆಲಸದಲ್ಲಿ ಕಷ್ಟದ ಹಂತ ಇದೇ. ಯಾಕೆಂದರೆ ಇದು ಮೀಟಿಂಗಿನಲ್ಲಿ ನಡೆಯುತ್ತದೆ.

ನಾನು ಕೈಜೋಡಿಸಿದ ಒಂದು ಕೆರೆ ಬಳಗದ ಕತೆ ಹೇಳುತ್ತೇನೆ. ಅವರ ಮೊದಲ ಪಟ್ಟಿಯಲ್ಲಿ ಇದ್ದದ್ದು: ಕೆರೆ, ಸೂರ್ಯೋದಯ, ಮರ, ಹಕ್ಕಿ, ಮೀನು, ಕೈ ಕೈ ಹಿಡಿದ ಜನ, ಕರ್ನಾಟಕದ ನಕ್ಷೆ, ಬಳಗದ ಹೆಸರು, ವರ್ಷ. ಒಂದೊಂದಕ್ಕೂ ಒಬ್ಬೊಬ್ಬ ಹಿರಿಯರ ಬೆಂಬಲ. ಮೀನು ತೆಗೆದರೆ ಖಜಾಂಚಿಗೆ ಬೇಸರ.

ನಾನು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಅರ್ಧ ನಿಮಿಷದಲ್ಲಿ, ಏನನ್ನೂ ನೋಡದೆ, ತಮಗೆ ಇಷ್ಟವಾದ ಒಂದರ ಚಿತ್ರ ಬರೆಯಲು ಹೇಳಿದೆ. ಆಮೇಲೆ ಚೀಟಿಗಳನ್ನು ಕಲಸಿ, ಬೇರೆಯವರು ಬರೆದದ್ದು ಏನು ಅಂತ ಕೇಳಿದೆ. ಕೈ ಹಿಡಿದ ಜನ ಕಾಂಪೌಂಡ್ ಗೋಡೆಯ ಹಾಗೆ ಕಂಡರು. ಮೀನನ್ನು ಎಲೆ ಅಂದರು. ಎಲ್ಲರೂ ತಟ್ಟನೆ ಹೇಳಿದ್ದು ಒಂದೇ: "ಹೆಜ್ಜಾರ್ಲೆ!" ಪೆಲಿಕನ್ ಅನ್ನುತ್ತಾರಲ್ಲ, ಅದೇ. ಅಷ್ಟು ದೊಡ್ಡ ಕೊಕ್ಕು ಬೇರೆ ಯಾವ ಹಕ್ಕಿಗಿದೆ? ಅವರ ಕೆರೆಗೆ ದಿನಾ ಬರುವ ಹಕ್ಕಿ ಕೂಡ ಅದೇ. ಅಲ್ಲಿಗೆ ಮಾತು ಮುಗಿಯಿತು. ನೀಲಿ ಬಟ್ಟೆ, ಅದರ ಮೇಲೆ ಬಿಳಿ ಹೆಜ್ಜಾರ್ಲೆ, ಕೆಳಗೆ ಕೆರೆ ಏರಿಯ ಲೆಕ್ಕದಲ್ಲಿ ಒಂದು ಹಳದಿ ಪಟ್ಟಿ.

ನೀವೂ ಹೀಗೇ ಮಾಡಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಪಕ್ಕದ ಬಡಾವಣೆಗೆ ಇಲ್ಲದೆ ನಮಗೆ ಮಾತ್ರ ಇರುವುದು ಏನು? ಫೆಬ್ರವರಿಯಲ್ಲಿ ರಸ್ತೆ ತುಂಬ ಉದುರುವ ಟಬೆಬುಯಾ ಹೂವಾ? ಹಳೇ ಕಲ್ಲಿನ ಬಾವಿಯಾ? ಬಂಡೆಯಾ? ಅದೊಂದೇ ಸಾಕು.

ಆಮೇಲೆ ಮಗುವಿನ ಪರೀಕ್ಷೆ. ಚಿತ್ರವನ್ನು ಹತ್ತು ಸೆಕೆಂಡು ತೋರಿಸಿ, ಮುಚ್ಚಿಡಿ. ಮಗು ಆಟ ಆಡಿಕೊಂಡು ಬಂದ ಮೇಲೆ ಬರೆಯಲು ಹೇಳಿ. ಗುರುತು ಸಿಗುವ ಹಾಗೆ ಬರೆದರೆ ಪಾಸು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ ಕೆಂಪು ಬಾವುಟವನ್ನು ಯಾವ ಮಗು ಬೇಕಾದರೂ ಬರೆಯುತ್ತದೆ. ಏನು ಅಂತ ಕೇಳಿದರೆ ಅರಿಶಿನ, ಕುಂಕುಮ ಅಂತ ಎರಡೇ ಮಾತಿನಲ್ಲಿ ಹೇಳುತ್ತದೆ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಮುಂದಿಟ್ಟ ಬಾವುಟದಲ್ಲಿ ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡದ ಲಾಂಛನ ಇತ್ತು. ಅದನ್ನು ನೆನಪಿನಿಂದ ಬರೆಯಿರಿ ನೋಡೋಣ. ನನಗಂತೂ ಆಗುವುದಿಲ್ಲ. ಬೀದಿಯಲ್ಲಿ ಇವತ್ತಿಗೂ ಹಾರುವುದು ಎರಡು ಬಣ್ಣದ್ದೇ.

ಎಡವುತ್ತಿದ್ದೀರಿ ಅನ್ನುವುದಕ್ಕೆ ಗುರುತು: ಬಣ್ಣ ಆರಿಸಿ ಆದ ಮೇಲೆ ಅರ್ಥ ಹುಡುಕುವುದು. "ನೀಲಿ ಅಂದರೆ ಪ್ರಗತಿ, ಹಸಿರು ಅಂದರೆ ಸಮೃದ್ಧಿ, ಬಿಳಿ ಅಂದರೆ ಶಾಂತಿ." ಈ ಸಾಲನ್ನು ಯಾವ ಬಾವುಟದ ಕೆಳಗೆ ಬೇಕಾದರೂ ಅಂಟಿಸಬಹುದು. ಹಾಗಾದರೆ ಅದು ನಿಮ್ಮದು ಹೇಗಾಗುತ್ತದೆ?

ಹಂತ 3: ಅಂಚೆಚೀಟಿಯಷ್ಟು ಸಣ್ಣದಾಗಿ ಬರೆಯಿರಿ

2 ಸೆಂಟಿಮೀಟರ್ ಎತ್ತರ, 3 ಸೆಂಟಿಮೀಟರ್ ಉದ್ದದ ಮನೆಗಳನ್ನು ಹಾಳೆ ತುಂಬ ಎಳೆಯಿರಿ. ಒಂದೊಂದರಲ್ಲಿ ಒಂದೊಂದು ಪ್ರಯತ್ನ. ಹಾಳೆಯನ್ನು ತೋಳು ಚಾಚಿ ಹಿಡಿದು ನೋಡಿ. ಮೂರಡಿ ಎತ್ತರದ ಬಾವುಟ ನೂರು ಅಡಿ ದೂರದಿಂದ ಕಾಣುವುದು ಸುಮಾರು ಅಷ್ಟೇ. ಇಲ್ಲಿ ಕಾಣದ ಗೆರೆ ಕಂಬದ ಮೇಲೂ ಕಾಣುವುದಿಲ್ಲ. ಹೆಜ್ಜಾರ್ಲೆಗೆ ನಾವು ಮೊದಲು ಗರಿ ಬರೆದಿದ್ದೆವು, ಕಣ್ಣೂ ಇತ್ತು. ಈ ಹಂತದಲ್ಲಿ ಎರಡೂ ಹೋದವು. ಉಳಿದದ್ದು ಕೊಕ್ಕು, ಕತ್ತು, ಮೈ.

ಸಣ್ಣ ಮೊನೆಗಳ ಕತೆಯೂ ಇಷ್ಟೇ. 1965ರಲ್ಲಿ ಬಂದ ಕೆನಡಾ ಬಾವುಟದ ಮೇಪಲ್ ಎಲೆಗೆ 11 ಮೊನೆ. ನಿಜವಾದ ಎಲೆಗೆ ಇದಕ್ಕಿಂತ ಎಷ್ಟೋ ಜಾಸ್ತಿ. ಗಾಳಿಯಲ್ಲಿ ಕಲಸಿಹೋಗದ ಹಾಗೆ ಕಡಿಮೆ ಮಾಡಿದರು.

ಹಂತ 4: ಬಣ್ಣ, ಎರಡು ಅಥವಾ ಮೂರು

ಹಳದಿ, ಬಿಳಿ ತಿಳಿ ಬಣ್ಣಗಳು. ಕೆಂಪು, ನೀಲಿ, ಹಸಿರು, ಕಪ್ಪು ಗಾಢ ಬಣ್ಣಗಳು. ತಿಳಿಯ ಪಕ್ಕ ಗಾಢ, ಗಾಢದ ಪಕ್ಕ ತಿಳಿ. ಯುರೋಪಿನ ಹಳೇ ಗುರಾಣಿಗಳ ಕಾಲದಿಂದ ಬಂದ ಈ ನಿಯಮ ಇವತ್ತಿಗೂ ಕೈಕೊಡುವುದಿಲ್ಲ. ಕೆಂಪಿನ ಮೇಲೆ ಹಸಿರು ಇಟ್ಟರೆ ಸಂಜೆ ಆರಕ್ಕೆ ಎರಡೂ ಕಪ್ಪಾಗುತ್ತವೆ. ಬಿಳಿಯ ಮೇಲೆ ಹಳದಿ ಇಟ್ಟರೆ ಮಧ್ಯಾಹ್ನದ ಬಿಸಿಲಿಗೆ ಮಾಯ.

ಪರೀಕ್ಷೆ ಸುಲಭ. ಬಣ್ಣ ಹಾಕಿದ ಚಿತ್ರದ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ. ಎರಡು ಬಣ್ಣ ಒಂದೇ ಬೂದಿಯಾಗಿ ಕಂಡರೆ ಒಂದನ್ನು ಬದಲಿಸಿ.

ಹಳದಿ ಕೆಂಪು ಜೋಡಿಯ ಬಗ್ಗೆ ಒಂದು ಮಾತು. ಕನ್ನಡ ಬಳಗ ಅಂದ ಕೂಡಲೇ ಎಲ್ಲರ ಕೈಯೂ ಅತ್ತಲೇ ಹೋಗುತ್ತದೆ. ಕಾಣುವುದಕ್ಕೆ ಆ ಜೋಡಿಯಲ್ಲಿ ದೋಷವಿಲ್ಲ. ಆದರೆ ರಾಜ್ಯೋತ್ಸವದ ದಿನ ಊರೆಲ್ಲ ಅದೇ ಇರುವಾಗ ನಿಮ್ಮದು ಯಾವುದು ಅಂತ ಯಾರಿಗೆ ತಿಳಿಯಬೇಕು? ನಾಡಿನ ಬಾವುಟವನ್ನು ಇದ್ದ ಹಾಗೆಯೇ ಹಾರಿಸಿ, ಸಂಘದ್ದನ್ನು ಬೇರೆ ಮಾಡಿ ಅನ್ನುವುದು ನನ್ನ ಸಲಹೆ. ಅದರ ಮೇಲೆ ನಿಮ್ಮ ಲೋಗೋ ಅಂಟಿಸಿದರೆ ಎರಡೂ ಕೆಡುತ್ತವೆ.

ಹಂತ 5: ಚಿತ್ರ ಎಲ್ಲಿ ಕೂರಬೇಕು

ಬಾವುಟಕ್ಕೆ ಎರಡು ಬದಿ: ಕಂಬದ ಬದಿ, ಹಾರುವ ಬದಿ. ಗಾಳಿ ಇಲ್ಲದಾಗ ಹಾರುವ ಬದಿ ಮಡಚಿಕೊಳ್ಳುತ್ತದೆ. ಮೊದಲು ಹರಿಯುವುದೂ ಅದೇ. ಮುಖ್ಯವಾದದ್ದನ್ನು ಅಲ್ಲಿ ಇಡಬೇಡಿ.

ಬಾಂಗ್ಲಾದೇಶದ ಬಾವುಟ ಗಮನಿಸಿದ್ದೀರಾ? ಹಸಿರಿನಲ್ಲಿ ಕೆಂಪು ವೃತ್ತ. ಸರಿಯಾಗಿ ನಡುವಿನಲ್ಲಿದೆ ಅಂದುಕೊಂಡಿರುತ್ತೀರಿ. ಇಲ್ಲ. ಉದ್ದವನ್ನು 10 ಭಾಗ ಮಾಡಿದರೆ ವೃತ್ತದ ಕೇಂದ್ರ ಕಂಬದಿಂದ ನಾಲ್ಕೂವರೆ ಭಾಗದಲ್ಲಿದೆ. ಹಾರುವಾಗ ನಡುವೆ ಕಾಣಲಿ ಅಂತ ಹಾಗೆ ಮಾಡಿದ್ದಾರೆ. ಫ್ರಾನ್ಸಿನ ನೌಕಾಪಡೆಯ ಬಾವುಟದಲ್ಲಿ ಮೂರು ಪಟ್ಟಿ ಸಮ ಇಲ್ಲ. ಕಂಬದ ಕಡೆಯಿಂದ 30, 33, 37ರ ಲೆಕ್ಕದಲ್ಲಿ ಅಗಲವಾಗುತ್ತಾ ಹೋಗುತ್ತವೆ. ದೂರದಿಂದ ಸಮವಾಗಿ ಕಾಣುತ್ತವೆ.

ನೀವು ಇಷ್ಟು ಸೂಕ್ಷ್ಮಕ್ಕೆ ಹೋಗಬೇಕಿಲ್ಲ. ಚಿತ್ರವನ್ನು ನಡುವಿನಿಂದ ಒಂದೆರಡು ಇಂಚು ಕಂಬದ ಕಡೆಗೆ ಸರಿಸಿದರೆ ಸಾಕು. ಎತ್ತರದ ಅರ್ಧಕ್ಕಿಂತ ಸಣ್ಣದಾಗಿ ಮಾತ್ರ ಬರೆಯಬೇಡಿ.

ಪ್ರಾಣಿ ಪಕ್ಷಿಯಾದರೆ ಮುಖ ಕಂಬದ ಕಡೆ ಇರಲಿ. ಬಾವುಟ ಹಿಡಿದವರು ಮುಂದೆ ನಡೆಯುತ್ತಾರೆ, ಬಟ್ಟೆ ಹಿಂದಕ್ಕೆ ಹಾರುತ್ತದೆ. ಮುಖ ಆ ಕಡೆ ಇದ್ದರೆ ಹಕ್ಕಿ ನಿಮ್ಮನ್ನು ಬಿಟ್ಟು ಓಡಿಹೋಗುತ್ತಿರುವ ಹಾಗೆ ಕಾಣುತ್ತದೆ. ಶ್ರೀಲಂಕಾದ ಸಿಂಹ ನೋಡುವುದೂ ಕಂಬದ ಕಡೆಗೇ.

ಹಂತ 6: ಹಾಳೆ ತಿರುಗಿಸಿ ನೋಡಿ

ಈ ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ಸಲ ನಮ್ಮ ಬಡಾವಣೆಗೆ ಬಾವುಟ ಮಾಡಿಸಿದಾಗ ದೊಡ್ಡ ಅಕ್ಷರದಲ್ಲಿ ಹೆಸರು ಹಾಕಿಸಿದ್ದೆ. ಹನ್ನೆರಡು ಬಾವುಟ ಬಂದವು. ತೆಳು ಬಟ್ಟೆ, ಒಂದೇ ಬದಿಗೆ ಮುದ್ರಣ, ಬಣ್ಣ ಹಿಂದಕ್ಕೂ ಇಳಿದಿತ್ತು. ಒಂದು ಕಡೆಯಿಂದ ಚೆಂದ. ಇನ್ನೊಂದು ಕಡೆಯಿಂದ ಹೆಸರು ಪೂರ್ತಿ ಉಲ್ಟಾ. ಆ ವಾರವೆಲ್ಲ ಬೀದಿಯ ಮಕ್ಕಳು ಬಡಾವಣೆಯ ಹೆಸರನ್ನು ಉಲ್ಟಾ ಕೂಗಿಕೊಂಡೇ ಆಡಿದರು.

ಇದು ದೊಡ್ಡವರಿಗೂ ಕಾಡಿದ ತೊಂದರೆ. 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ರಾಷ್ಟ್ರಧ್ವಜದ ನಿರ್ಣಯ ಮಂಡಿಸಿದಾಗ ನೆಹರೂ ಇದನ್ನೇ ವಿವರಿಸಿದರು. ಅದಕ್ಕೂ ಮುಂಚಿನ ತ್ರಿವರ್ಣದ ನಡುವೆ ಇದ್ದದ್ದು ಚರಕ. ಚರಕದಲ್ಲಿ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಹಿಂದಿನಿಂದ ನೋಡಿದರೆ ಅದಲುಬದಲು. ಚಕ್ರವೊಂದನ್ನೇ ಇಟ್ಟರೆ ಎರಡೂ ಕಡೆ ಒಂದೇ. 24 ಕಡ್ಡಿಗಳ ಅಶೋಕ ಚಕ್ರ ಬಂದದ್ದಕ್ಕೆ ಇದೂ ಒಂದು ಕಾರಣ. ಬಾಂಗ್ಲಾದೇಶದ 1971ರ ಬಾವುಟದಲ್ಲಿ ವೃತ್ತದೊಳಗೆ ನಕ್ಷೆಯಿತ್ತು. 1972ರಲ್ಲಿ ತೆಗೆದರು. ಎರಡೂ ಬದಿಗೆ ನಕ್ಷೆ ಸರಿಯಾಗಿ ಬರುವ ಹಾಗೆ ಮಾಡುವುದು ಕಷ್ಟವಾಗಿತ್ತು. ಸೌದಿ ಅರೇಬಿಯಾದ ಬಾವುಟದಲ್ಲಿ ಬರಹ ಇರಲೇಬೇಕು. ಹಾಗಾಗಿ ಎರಡು ಬಟ್ಟೆ ಸೇರಿಸಿ ಹೊಲಿಯುತ್ತಾರೆ. ನಾವೂ ಹಾಗೆ ಮಾಡಬಹುದಲ್ಲ ಅನ್ನುತ್ತೀರಾ? ಮಾಡಬಹುದು. ಭಾರ ಜಾಸ್ತಿ, ಖರ್ಚೂ ಜಾಸ್ತಿ, ನಮ್ಮ ಗಾಳಿಗೆ ಏಳುವುದಿಲ್ಲ.

ಪರೀಕ್ಷೆ ಹೀಗೆ. ಚಿತ್ರವನ್ನು ಕಿಟಕಿ ಗಾಜಿಗೆ ಹಿಂದುಮುಂದಾಗಿ ಒತ್ತಿ ಹಿಡಿದು, ಬೆಳಕಿನಲ್ಲಿ ನೋಡಿ. ತಪ್ಪು ಅನ್ನಿಸಿದರೆ ಆ ಚಿತ್ರ ಬಾವುಟಕ್ಕಲ್ಲ. ಸೂರ್ಯ, ದೀಪ, ಎದುರಿನಿಂದ ಕಂಡ ಕಮಲ, ಗೋಪುರ, ಮರ ಇವೆಲ್ಲ ಎರಡೂ ಕಡೆ ಒಂದೇ. ಹೆಜ್ಜಾರ್ಲೆ ತಿರುಗುತ್ತದೆ, ಆದರೂ ಹಕ್ಕಿಯಾಗಿಯೇ ಇರುತ್ತದೆ, ಮುಖವೂ ಕಂಬದ ಕಡೆಗೇ ಉಳಿಯುತ್ತದೆ. ಅಕ್ಷರ, ಅಂಕಿ, ನಕ್ಷೆ ಮಾತ್ರ ನಪಾಸು. ಕನ್ನಡದಲ್ಲಿ ತಿರುಗಿಸಿದರೂ ಹೆಚ್ಚುಕಡಿಮೆ ಹಾಗೇ ಇರುವ ಅಕ್ಷರ ಅಂದರೆ ಠ. ಅದನ್ನಿಟ್ಟುಕೊಂಡು ಯಾವ ಸಂಘ ಕಟ್ಟುತ್ತೀರೋ ನಿಮಗೆ ಬಿಟ್ಟದ್ದು.

"ಹೆಸರಿಲ್ಲದಿದ್ದರೆ ನಮ್ಮದು ಅಂತ ಹೇಗೆ ಗೊತ್ತಾಗುತ್ತೆ ಸರ್?" ಇದು ಪ್ರತಿ ಮೀಟಿಂಗಿನಲ್ಲೂ ಬರುವ ಪ್ರಶ್ನೆ. ಹೆಸರಿಗೆ ಬ್ಯಾನರ್ ಇದೆ. ಅದನ್ನು ಗೇಟಿಗೆ ಕಟ್ಟಿ.

ಹಂತ 7: ಟೇಬಲ್ ಫ್ಯಾನಿನ ಮುಂದೆ

ಹಳೇ ಪಂಚೆಯಿಂದ ಒಂದೂವರೆ ಅಡಿ ಉದ್ದ, ಒಂದು ಅಡಿ ಎತ್ತರದ ತುಂಡು ಕತ್ತರಿಸಿ. ಬಣ್ಣದ ಬಟ್ಟೆ ಸಿಕ್ಕರೆ ಅಂಟಿಸಿ, ಇಲ್ಲದಿದ್ದರೆ ಮಕ್ಕಳ ಪೋಸ್ಟರ್ ಬಣ್ಣ ಹಚ್ಚಿ. ಕಂಬದ ಬದಿಯನ್ನು ಮಾಪಿನ ಕೋಲಿಗೆ ಕಟ್ಟಿ, ಫ್ಯಾನಿನ ಮುಂದೆ ನಿಲ್ಲಿಸಿ. ಒಂದನೇ ಸ್ಪೀಡಿನಲ್ಲಿ ನೋಡಿ, ಮೂರನೇ ಸ್ಪೀಡಿನಲ್ಲಿ ನೋಡಿ, ಫ್ಯಾನು ಆರಿಸಿಯೂ ನೋಡಿ. ಅರ್ಧ ನಿಮಿಷದ ವಿಡಿಯೊ ತೆಗೆದು ಸಂಘದಲ್ಲಿಲ್ಲದ ಯಾರಿಗಾದರೂ ಕಳಿಸಿ, "ಏನು ಕಾಣಿಸಿತು?" ಅಂತ ಮಾತ್ರ ಕೇಳಿ. ವಿವರಣೆ ಕೊಡಬೇಡಿ.

ನಮ್ಮ ಹೆಜ್ಜಾರ್ಲೆಗೆ ಮೊದಲು ಬಂದ ಉತ್ತರ "ಬಾತುಕೋಳಿ." ಕೊಕ್ಕನ್ನು ಇನ್ನೂ ಅರ್ಧದಷ್ಟು ಉದ್ದ ಮಾಡಿದ ಮೇಲೆ ಸರಿಹೋಯಿತು. ಹಾಳೆಯಲ್ಲಿ ಅದು ಅತಿ ಅನ್ನಿಸುತ್ತಿತ್ತು, ಬಟ್ಟೆಯಲ್ಲಿ ಹದವಾಗಿತ್ತು.

ಹಂತ 8: ಕಾನೂನು, ಮತ್ತೆ ಹೋಲಿಕೆ

ಇದು ಹತ್ತು ನಿಮಿಷದ ಕೆಲಸ. ಬಿಟ್ಟರೆ ದೊಡ್ಡ ತಲೆನೋವು.

ತ್ರಿವರ್ಣವನ್ನು ಬದಲಿಸಿ ನಿಮ್ಮದು ಮಾಡಿಕೊಳ್ಳಬೇಡಿ. ಕೇಸರಿ, ಬಿಳಿ, ಹಸಿರು ಅಡ್ಡಪಟ್ಟಿ ಇಟ್ಟು ಚಕ್ರದ ಜಾಗದಲ್ಲಿ ಲೋಗೋ ಕೂರಿಸುವುದು ಬೇಡವೇ ಬೇಡ. ರಾಷ್ಟ್ರಧ್ವಜಕ್ಕೆ 2002ರ ಧ್ವಜ ಸಂಹಿತೆ ಇದೆ, ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಇದೆ. ರಾಷ್ಟ್ರಧ್ವಜ ಇರುವ ಕಂಬಕ್ಕೆ ಬೇರೆ ಬಾವುಟ ಕಟ್ಟುವಂತಿಲ್ಲ. ಅದಕ್ಕಿಂತ ಎತ್ತರದಲ್ಲಾಗಲಿ ಅದರ ಸರಿಸಮಕ್ಕಾಗಲಿ ನಿಮ್ಮದನ್ನು ಹಾರಿಸುವಂತಿಲ್ಲ. ನಾಲ್ಕು ಸಿಂಹದ ಲಾಂಛನಕ್ಕೆ 2005ರ ಕಾಯ್ದೆಯ ಕಾವಲಿದೆ. ರಾಜ್ಯ ಸರ್ಕಾರದ ಗಂಡಭೇರುಂಡ ಲಾಂಛನವನ್ನೂ ಇಂಟರ್ನೆಟ್ಟಿನಿಂದ ಇಳಿಸಿ ಅಂಟಿಸಬೇಡಿ.

ಆಮೇಲೆ ಹೋಲಿಕೆ. 1936ರ ಬರ್ಲಿನ್ ಒಲಿಂಪಿಕ್ಸಿಗೆ ಹೋದಾಗಲೇ ಲಿಕ್ಟನ್‌ಸ್ಟೈನ್ ದೇಶದವರಿಗೆ ತಮ್ಮ ಬಾವುಟವೂ ಹೈಟಿಯದೂ ಒಂದೇ ಥರ ಇವೆ ಅಂತ ತಿಳಿದದ್ದು. ಮರುವರ್ಷ ಅವರು ಕಿರೀಟ ಸೇರಿಸಿಕೊಂಡರು. ನೀವು ಮುಖ್ಯವಾಗಿ ನೋಡಬೇಕಾದದ್ದು ರಾಜಕೀಯ ಪಕ್ಷಗಳನ್ನು. ನಿಮ್ಮ ಬಣ್ಣದ ಜೋಡಿ ಯಾವುದಾದರೂ ಪಕ್ಷದ್ದಾದರೆ, ಚುನಾವಣೆ ಹತ್ತಿರ ಬಂದಾಗ ಎಲ್ಲರಿಗೂ ಉತ್ತರ ಹೇಳಬೇಕಾಗುತ್ತದೆ.

ಹಂತ 9: ಈಗ ಕಂಪ್ಯೂಟರ್

ಡಿಟಿಪಿ ಅಂಗಡಿಯಲ್ಲಿ ಕೋರಲ್ ಡ್ರಾದಲ್ಲಿ ಮಾಡಿಸಿ. ಫೋಟೊ ಫೈಲು ಕೊಟ್ಟರೆ ದೊಡ್ಡದು ಮಾಡಿದಾಗ ಅಂಚು ಒಡೆಯುತ್ತದೆ. ಫೈಲಿನ ಜೊತೆ ಒಂದು ಹಾಳೆಯನ್ನೂ ಕೊಡಿ. ಅದರಲ್ಲಿ ನಾಲ್ಕು ವಿಷಯ ಇರಬೇಕು: ಹೊಲಿಗೆ ಮುಗಿದ ಮೇಲಿನ ಅಳತೆ, "ಈ ಬದಿ ಕಂಬ" ಅಂತ ಒಂದು ಬಾಣ, "ಈ ಬದಿ ಮೇಲೆ" ಅಂತ ಇನ್ನೊಂದು ಬಾಣ, ಒಂದೊಂದು ಬಣ್ಣಕ್ಕೂ ಒಂದೊಂದು ಬಟ್ಟೆ ತುಂಡು.

ಬಾಣ ಹಾಕದೆ ಕೊಟ್ಟರೆ ಕಣ್ಣು ತಪ್ಪಾದ ಬದಿಗೆ ಬರುತ್ತದೆ. ಕಣ್ಣು ಅಂದರೆ ಹಗ್ಗ ಪೋಣಿಸುವ ಹಿತ್ತಾಳೆ ರಿಂಗು. ಬಣ್ಣವನ್ನು ಫೋನ್ ತೋರಿಸಿ ಹೇಳಬೇಡಿ, ಪ್ರತಿ ಫೋನೂ ಬೇರೆ ಬಣ್ಣ ತೋರಿಸುತ್ತದೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಬೇಕಾದ ಬಣ್ಣದ ತುಂಡು ಕೊಂಡು, ಬಿಸಿಲಿಗೆ ತಂದು ನೋಡಿ, ಅದನ್ನೇ ಹಾಳೆಗೆ ಪಿನ್ ಮಾಡಿ.

ಹಂತ 10: ಬಟ್ಟೆ ಮತ್ತು ಹೊಲಿಗೆ

ಹೊರಗೆ ಹಾರುವುದಕ್ಕೆ ತೆಳು ಪಾಲಿಯೆಸ್ಟರ್ ಒಳ್ಳೆಯದು. ಹಗುರ, ಮಳೆ ನಿಂತ ಮೇಲೆ ಬೇಗ ಒಣಗುತ್ತದೆ. ಹತ್ತಿ ನೋಡಲು ಚೆಂದ, ನೆನೆದರೆ ಭಾರ. ಸ್ಯಾಟಿನ್ ಹೊಳೆಯುತ್ತದೆ, ಆ ಹೊಳಪಿನಲ್ಲಿ ಚಿತ್ರ ಕಾಣುವುದಿಲ್ಲ, ಅಂಚೂ ಬೇಗ ಬಿಚ್ಚಿಕೊಳ್ಳುತ್ತದೆ. ವೇದಿಕೆಯ ಮೇಲೆ ಒಂದು ದಿನಕ್ಕೆ ಅಷ್ಟೇ ಸರಿ.

ಪಟ್ಟಿಗಳೇ ಜಾಸ್ತಿ ಇದ್ದರೆ ಬಣ್ಣದ ಬಟ್ಟೆ ಜೋಡಿಸಿ ಹೊಲಿಸಿ, ಬಾಳಿಕೆ ಬರುತ್ತದೆ. ಚಿತ್ರವಿದ್ದು ಸಂಖ್ಯೆ ಜಾಸ್ತಿ ಇದ್ದರೆ ಸ್ಕ್ರೀನ್ ಪ್ರಿಂಟಿಂಗ್. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಹಾಗಾಗಿ ಮೂರು ಬಣ್ಣದ ಶಿಸ್ತು ಜೇಬಿಗೂ ಒಳ್ಳೆಯದು. ಐದಾರು ಮಾತ್ರ ಬೇಕಾದರೆ ಡಿಜಿಟಲ್ ಮುದ್ರಣ ಸಾಕು.

ಬಟ್ಟೆ ಕೊಳ್ಳುವ ಮೊದಲು ಕೆಂಪು, ನೀಲಿ ತುಂಡುಗಳನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರಕ್ಕೆ ಉಜ್ಜಿ. ಕರವಸ್ತ್ರ ಗುಲಾಬಿಯಾದರೆ ನವೆಂಬರಿನ ಜಡಿಮಳೆಗೆ ಬಿಳಿ ಪಟ್ಟಿಯೂ ಗುಲಾಬಿಯಾಗುತ್ತದೆ.

ಹೊಲಿಗೆಯ ಬಗ್ಗೆ ನನಗೆ ಪಾಠ ಹೇಳಿದವರು ಒಬ್ಬ ಟೈಲರ್. ಬಾವುಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, "ಎಲ್ಲಾ ಕಡೆ ಒಂದು ಹೊಲಿಗೆ ಸಾಕು ಸಾರ್, ಈ ಹಾರೋ ಕಡೆ ಮಾತ್ರ ಮೂರು ಹಾಕ್ಬೇಕು. ಚಾವಟಿ ಥರ ಹೊಡ್ಕೊಳ್ಳೋದು ಇದೇ ಕಡೆ" ಅಂದರು. ಎರಡು ಸಲ ಮಡಚಿ, ಮೂರು ಸಾಲು ಹೊಲಿಗೆ, ಎರಡೂ ಮೂಲೆಗೆ ಒಳಗಿನಿಂದ ತ್ರಿಕೋನದ ತುಂಡು. ಕಂಬದ ಬದಿಗೆ ಎರಡು ಇಂಚು ಅಗಲದ ಕ್ಯಾನ್ವಾಸ್ ಪಟ್ಟಿ. ಕಣ್ಣನ್ನು ಪಟ್ಟಿಯ ಮೇಲೆಯೇ ಹೊಡೆಸಿ. ಬರೀ ಬಟ್ಟೆಗೆ ಹೊಡೆದರೆ ಮೊದಲ ಜೋರು ಗಾಳಿಗೇ ಕಿತ್ತುಬರುತ್ತದೆ.

ಮೊದಲು ಒಂದೇ ಒಂದು ಮಾಡಿಸಿ, ಕಂಬಕ್ಕೆ ಏರಿಸಿ ನೋಡಿ. "ಒಂದಕ್ಕೆಲ್ಲ ಮಾಡಲ್ಲ" ಅಂತ ಅಂಗಡಿಯವರು ಅಂದರೆ ದುಡ್ಡು ಸ್ವಲ್ಪ ಜಾಸ್ತಿ ಕೊಡಿ. ಹನ್ನೆರಡು ಉಲ್ಟಾ ಬಾವುಟ ಮನೆಯಲ್ಲಿಟ್ಟುಕೊಂಡವನ ಮಾತು ಇದು.

ಹಂತ 11: ಏರಿಸುವುದು, ಆಮೇಲೆ ನೋಡಿಕೊಳ್ಳುವುದು

ಹೂವು ತುಂಬಿ ಮಡಚಿ ಕಟ್ಟಿ, ಮೇಲೆ ಹೋದ ಮೇಲೆ ಬಿಚ್ಚುವುದಾದರೆ, ಹಿಂದಿನ ದಿನವೇ ನಾಲ್ಕು ಸಲ ಅಭ್ಯಾಸ ಮಾಡಿ. ಸರಗಂಟು ಬಿಚ್ಚದೆ ಮುಖ್ಯ ಅತಿಥಿಗಳು ಹಗ್ಗ ಜಗ್ಗುತ್ತಾ ನಿಲ್ಲುವುದನ್ನು ಪ್ರತಿ ವರ್ಷ ಎಲ್ಲಾದರೂ ನೋಡುತ್ತೇವೆ, ಅಲ್ವಾ? ಹೂವು ಒಣಗಿರಬೇಕು. ನೀರು ಚಿಮುಕಿಸಿದ ಸೇವಂತಿಗೆ ರಾತ್ರಿಯೆಲ್ಲ ಒಳಗಿದ್ದರೆ ಬಟ್ಟೆಗೆ ಕಲೆ ಹಿಡಿಯುತ್ತದೆ.

ಮೇಲೆ ಕೆಳಗೆ ಗೊಂದಲವಾಗದಿರಲು ಮೇಲಿನ ಕಣ್ಣಿನ ಪಕ್ಕ ಕ್ಯಾನ್ವಾಸಿನ ಮೇಲೆ ಸಣ್ಣದೊಂದು ಗುರುತು ಹಾಕಿ. ಫಿಲಿಪೀನ್ಸಿನಲ್ಲಿ ಬಾವುಟದ ಕೆಂಪು ಮೇಲೆ ಬಂದರೆ ಯುದ್ಧ ಅಂತ ಅರ್ಥ. ನಿಮ್ಮ ಸಂಘದಲ್ಲಿ ಅಷ್ಟಾಗುವುದಿಲ್ಲ, ಫೋಟೊ ಮಾತ್ರ ಎಲ್ಲ ಗ್ರೂಪಿಗೂ ಹೋಗುತ್ತದೆ.

ವಾರಕ್ಕೊಮ್ಮೆ ಹಾರುವ ಅಂಚು ನೋಡಿ. ದಾರ ಜೂಲಾದರೆ ಆ ದಿನವೇ ಇಳಿಸಿ. ಹರಿದ ಭಾಗವನ್ನು ನೇರ ಕತ್ತರಿಸಿ, ಮತ್ತೆ ಮಡಚಿ ಮೂರು ಹೊಲಿಗೆ ಹಾಕಿಸಿದರೆ ಇನ್ನೊಂದಿಷ್ಟು ತಿಂಗಳು ಬರುತ್ತದೆ. ಚಿತ್ರ ಕಂಬದ ಕಡೆಗೆ ಸರಿದಿದ್ದರೆ ಇಂಥ ರಿಪೇರಿ ಎರಡು ಮೂರು ಸಲ ಮಾಡಿದರೂ ಗೊತ್ತಾಗುವುದಿಲ್ಲ. ಕೆರೆ ಬಳಗದ ಮೊದಲ ಬಾವುಟ ಹೀಗೆ ಮೂರು ಇಂಚು ಕಳೆದುಕೊಂಡಿದೆ. ಹೆಜ್ಜಾರ್ಲೆ ಇದ್ದಲ್ಲೇ ಇದೆ.